ಬೇಡದ್ದು ತೆಗೆದು, ಒಂದೇ ಪುಟಕ್ಕೆ

೪-೬-೧೯೬೨, ಸೋಮವಾರ

ರಿಬ್ಬನ್ ಮತ್ತೆ ಸಿಕ್ಕಿಕೊಂಡಿತು. ಕೈಯೆಲ್ಲ ಮಸಿ. ಗಿರಣಿಗೆ ಕನ್ನಡ ಟೈಪ್‌ರೈಟರ್ ಬಂದಾಗಿನಿಂದ ಎಲ್ಲರ ಗೊಣಗಾಟವೂ ನನ್ನ ಮೇಜಿಗೇ.

ಇವತ್ತು ಚೆಲುವಮ್ಮನ ಹೇಳಿಕೆ ಬಂತು. ನೂಲು ಸುತ್ತುವವರು. ಹೋದ ವಾರ ಮೆಷಿನ್ನಿಗೆ ಸಿಕ್ಕಿ ಬಲಗೈಯ ಎರಡು ಬೆರಳು ಹೋದವು. ಅವರು ಹೇಳಿದ್ದನ್ನೆಲ್ಲ ಹೆಡ್‌ಕ್ಲಾರ್ಕ್ ಶಾಮಣ್ಣನವರು ಬರೆದುಕೊಂಡಿದ್ದಾರೆ — ಮೂರು ಹಾಳೆ. ಮೇಲೆ ಮ್ಯಾನೇಜರ್ ಸಾಹೇಬರ ಕೆಂಪು ಪೆನ್ಸಿಲ್: "ಬೇಡದ್ದು ತೆಗೆದು, ಚೊಕ್ಕವಾಗಿ, ಒಂದೇ ಪುಟಕ್ಕೆ."

ಬೇಡದ್ದು ಯಾವುದು? ಯಾರಿಗೆ?

ಓದಿದೆ. ಹಲ್ಲುಚಕ್ರದ ಮೇಲಿನ ಮುಚ್ಚಳ ಯುಗಾದಿಯಿಂದಲೇ ಇರಲಿಲ್ಲವಂತೆ. ಮೇಸ್ತ್ರಿಗೆ ಹೇಳಿದರೆ "ಹಾಕ್ಸೋಣ ಬುಡು" ಅಂದನಂತೆ. ಇದರಲ್ಲಿ ಬೇಡದ್ದು ನನಗೆ ಕಾಣಲಿಲ್ಲ. ಶಾಮಣ್ಣನವರನ್ನು ಕೇಳಿದರೆ, "ತಿಳ್ಕೊಂಡು ಮಾಡಮ್ಮ ಭಾಗ್ಯಮ್ಮ" ಅಂದು ನಶ್ಯ ಏರಿಸಿದರು.

೫-೬, ಮಂಗಳವಾರ

ಒಂದೇ ಪುಟಕ್ಕೆ ತಂದೆ. ಫುಲ್‌ಸ್ಕೇಪ್ ಹಾಳೆ, ಸಿಂಗಲ್ ಸ್ಪೇಸ್, ಮಾರ್ಜಿನ್ ಹೆಸರಿಗೆ ಮಾತ್ರ. "ಅಯ್ಯೋ ಶಿವನೇ" ಎರಡು ಸಲ ಇತ್ತು, ಒಂದನ್ನು ತೆಗೆದೆ. ಮಿಕ್ಕಿದ್ದೆಲ್ಲ ಹಾಗೇ ಇದೆ. ಗಾಳಿಯಾಡಲು ಜಾಗವಿಲ್ಲ, ಆದರೆ ಚೊಕ್ಕ!

ಸಾಹೇಬರು ಕೆಂಡವಾದರು. "ನಾನು ಹೇಳಿದ್ದು ಇದೇನ್ರೀ?"

"ಒಂದು ಪುಟ ಅಂದ್ರಿ ಸಾರ್."

"ಅರ್ಥ ಮಾಡ್ಕೋಬೇಕು ಕಣ್ರೀ!"

"ಯಾವ ಸಾಲು ಬೇಡ ಅಂತ ಗೆರೆ ಹಾಕಿ ಕೊಡಿ ಸಾರ್. ತೆಗೀತೀನಿ."

ಕೆಂಪು ಪೆನ್ಸಿಲ್ ಕೈಯಲ್ಲೇ ಇತ್ತು. ಹಾಳೆಯ ಮೇಲೆ ಅಲ್ಲಿ ಇಲ್ಲಿ ಆಡಿತು. ಮುಚ್ಚಳದ ಸಾಲಿನ ಹತ್ತಿರ ನಿಂತಿತು. ಗೆರೆ ಬೀಳಲಿಲ್ಲ. ತೆಗೆಸಬೇಕು, ಆದರೆ ತೆಗೆಸಿದವರು ತಾವಾಗಬಾರದು! ನನಗೆ ಮೈಯೆಲ್ಲ ಉರಿಯಿತು.

ಗೆರೆ ಹಾಕಿದ್ದರೆ ತೆಗೆಯುತ್ತಿದ್ದೆನೇ? ಇಲ್ಲ. ಸುಮ್ಮನೆ ಅಂದೆ.

೭-೬, ಗುರುವಾರ

ಒಂಟಿಕೊಪ್ಪಲಿನ ಮನೆಯಿಂದ ಗಿರಣಿಗೆ ನಡೆದೇ ಹೋದೆ, ಕೋಪ ಇಳಿಯಲಿ ಅಂತ. ಇಳಿಯಲಿಲ್ಲ.

ಶಾಮಣ್ಣನವರು ಕುರ್ಚಿ ಹತ್ತಿರಕ್ಕೆಳೆದು ಪಿಸುಗುಟ್ಟಿದರು. "ನಿನ್ ಕೆಲ್ಸ ಇನ್ನೂ ಟೆಂಪರರಿ ಕಣಮ್ಮ. 'ನನ್ನ ಅಜಾಗರೂಕತೆಯಿಂದ' ಅಂತ ಒಂದ್ಮಾತು ಹಾಕ್ಬುಡು, ಮುಗೀತದೆ."

ಯಾರಿಗೆ ಮುಗಿಯುತ್ತದೆ? ತಪ್ಪು ತನ್ನದೇ ಅಂತಾದರೆ ಚೆಲುವಮ್ಮನಿಗೆ ಗಿರಣಿಯ ಬಾಗಿಲು ಮುಚ್ಚಿದ ಹಾಗೆ. ಆ ಕೈಗೆ ಇನ್ನು ಯಾರು ಕೆಲಸ ಕೊಡುತ್ತಾರೆ? ನಾನು ಟೈಪ್ ಮಾಡುವುದಿಲ್ಲ ಅಂದೆ. ಮನೆಯಲ್ಲಿ ಅಮ್ಮನಿಗೆ ಹೇಳಿಲ್ಲ...

೧೧-೬, ಸೋಮವಾರ

ನನಗೀಗ ಬರೀ ಲಕೋಟೆಗೆ ವಿಳಾಸ ಹೊಡೆಯುವ ಕೆಲಸ. ಹೇಳಿಕೆಯನ್ನು ಶಾಮಣ್ಣನವರೇ ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದರು. ಇಷ್ಟೇ ಇಷ್ಟು ಆಗಿದೆ. ಮುಚ್ಚಳ ಇಲ್ಲ, ಮೇಸ್ತ್ರಿ ಇಲ್ಲ. ಅಜಾಗರೂಕತೆ ಇದೆ. ಜಾಗ ಮಾತ್ರ ಧಾರಾಳ.

೧೩-೬, ಸಂಜೆ

ಚೆಲುವಮ್ಮ ಬಂದರು. ಕೈಗೆ ಬಟ್ಟೆ ಸುತ್ತಿದೆ. ಸಾಹೇಬರು ಒಳಗಿಂದಲೇ, "ಭಾಗ್ಯಮ್ಮ, ಹೆಬ್ಬೆಟ್ಟು ಒತ್ತಿಸ್ರೀ" ಅಂದರು. ಎಡಗೈ ಹೆಬ್ಬೆರಳಿಗೆ ಮಸಿ ಹಚ್ಚಿ ಹಾಳೆ ನೋಡಿದೆ. ಹೇಳಿಕೆಗಳಿಗೆಲ್ಲ ಹಾಕುವ ಕೊನೆಯ ಸಾಲನ್ನು ಶಾಮಣ್ಣನವರು ಅಭ್ಯಾಸಬಲದಿಂದ ಇದಕ್ಕೂ ಹಾಕಿಬಿಟ್ಟಿದ್ದಾರೆ: "ಓದಿ ಕೇಳಿಸಲಾಯಿತು, ಸರಿಯೆಂದು ಒಪ್ಪಿದ್ದೇನೆ."

ನಮ್ಮಲ್ಲಿ ಆ ಸಾಲನ್ನು ಬರೆಯುತ್ತಾರೆ, ಓದಿ ಕೇಳಿಸುವವರು ಯಾರೂ ಇಲ್ಲ.

ಓದಿದೆ. ಎದ್ದು ನಿಂತು, ಆಫೀಸಿನ ಆ ತುದಿಗೂ ಕೇಳುವಷ್ಟು ಜೋರಾಗಿ.

ಚೆಲುವಮ್ಮ ಬೆರಳು ಹಿಂದಕ್ಕೆಳೆದುಕೊಂಡರು. "ನಾನೆಲ್ಲಿ ಅಂಗಂದೆ? ಮುಚ್ಚಳದ ಮಾತೆಲ್ಲೋಯ್ತು?"

"ತೆಗೆದಿದಾರೆ."

"ಮೆಷಿನ್ದೂ ತೆಗುದ್ರು, ಕಾಗ್ದದ್ದೂ ತೆಗುದ್ರಾ? ನಾ ಒತ್ತಾಕಿಲ್ಲ ಕಣವ್ವ." ಮಸಿಯನ್ನು ಸೆರಗಿಗೇ ಒರೆಸಿಕೊಂಡರು. ನನಗೆ ಅವರನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು.

ಸಾಹೇಬರು ಬಾಗಿಲಿಗೆ ಬಂದರು. "ಏನ್ರೀ ರಂಪ ಇದು? ಹೇಳಿಕೆ ಮುಗಿಸಿ ಕೊಡ್ರೀ ಬೇಗ!"

ಯಾವ ಹೇಳಿಕೆ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮೆಷಿನ್ನಿಗೆ ಹೊಸ ಹಾಳೆ ಏರಿಸಿದೆ, ಡಬಲ್ ಸ್ಪೇಸ್ ಇಟ್ಟೆ. ಚೆಲುವಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ನಾಳೆ ಈ ಕುರ್ಚಿ ನನಗಿರುವುದಿಲ್ಲ, ಗೊತ್ತು. ಇವತ್ತು ಇದೆ.

"ಮೊದಲಿಂದ ಹೇಳಿ" ಅಂದೆ.

ಅವರು ಸಾಹೇಬರನ್ನೇ ನೋಡುತ್ತಾ ಗಂಟಲು ಸರಿಮಾಡಿಕೊಂಡರು. "ಮೇಸ್ತ್ರಿ ಹೆಸ್ರು ಮೊದ್ಲು ಹಾಕ್ಕೊಳವ್ವ. ಅವ್ನ ಹೆಸ್ರು —"