ಲಿವರ್ ಎಂದರೆ ಬಾಟಲಿಯಲ್ಲ

ಬೇಕರಿಯ ಹಿಂದಿನ ಕೋಣೆ
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಸಕ್ಕರೆ ಕಾಯಿಲೆಯ ಮಾತ್ರೆ ಮರೆಯದೆ ನುಂಗುತ್ತಿದ್ದೀಯಾ? ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಕಾಗದದಲ್ಲಿ ಕೇಳುತ್ತಿದ್ದೇನೆ. ಕಾಗದವನ್ನು ನಡುವೆ ಕಟ್ ಮಾಡಲಾಗುವುದಿಲ್ಲ ನೋಡು.

ನನ್ನ ಲಿವರ್ ಕೆಟ್ಟಿದೆಯೆಂದು ಕ್ಷೌರದಂಗಡಿಯವನು ನಿನಗೆ ಊದಿದ್ದೇನೋ ನಿಜ. ಭಾವನನ್ನು ಕುಡಿತ ನುಂಗಿದ ಮೇಲೆ ನಮ್ಮ ಮನೆಯಲ್ಲಿ ಲಿವರ್ ಎಂದರೆ ಬಾಟಲಿ ಎಂದೇ ಅರ್ಥ. "ಕುಡಿಯೋನ ಮುಖ ಇನ್ನೊಂದ್ಸಲ ನೋಡಲ್ಲ" ಎಂದು ಹೇಳಿ ಕಳಿಸಿದೆಯಲ್ಲ, ತುಂಬಾ ನೋವಾಯಿತು ಅಕ್ಕಾ. ನನ್ನನ್ನು ಎತ್ತಿ ಬೆಳೆಸಿದವಳು ನೀನು. ನಾನು ಒಂದು ತೊಟ್ಟೂ ಕುಡಿದವನಲ್ಲ. ಡಾಕ್ಟರಮ್ಮನೂ ಮೊದಲು ಅದನ್ನೇ ಕೇಳಿದರು. ಇಲ್ಲವೆಂದೆ. "ಹಾಗಾದ್ರೆ ಏನು ಕೆಲಸ?" ಎಂದರು. ಬೇಕರಿ ಎಂದೆ. "ಗೊತ್ತಾಯ್ತು ಬಿಡಿ" ಎಂದು ನಕ್ಕರು. ಕ್ರೀಮ್ ಗಟ್ಟಿಯಾಯಿತೇ ಎಂದು ಒಂದು ಚಮಚ, ಸಿಹಿ ಸಾಕೇ ಎಂದು ಇನ್ನೊಂದು, ಕೇಕಿನ ಅಂಚು ಕತ್ತರಿಸಿದರೆ ಅದೂ ನನ್ನ ಬಾಯಿಗೇ. ಊಟಕ್ಕೆ ಕೂತಾಗ ಮಾತ್ರ ಹಸಿವಿಲ್ಲವೆಂದು ರಾಗ ಎಳೆಯುತ್ತಿದ್ದೆ. ಆ ಕೊಬ್ಬೆಲ್ಲ ಲಿವರಿನಲ್ಲಿ ಠಿಕಾಣಿ ಹೂಡಿದೆಯಂತೆ. ಈಗಲೇ ಎಚ್ಚೆತ್ತರೆ ಕರಗುತ್ತದೆ, ಹಾಗೇ ಬಿಟ್ಟರೆ ಕೊನೆಗೆ ಕುಡಿದವರ ಲಿವರಿನಂತೆಯೇ ಗಟ್ಟಿಯಾಗಬಹುದಂತೆ.

ಈಗ ರುಚಿ ನೋಡುವವಳು ನನ್ನವಳು, ಅದೂ ಚಮಚದ ತುದಿಯಲ್ಲಿ. ನಾನು ಆ ಕಡೆ ಮುಖ ಮಾಡಿ ನಿಲ್ಲುತ್ತೇನೆ. ಅಂಗಡಿಗಳಿಗೆ ಬನ್ ಕೊಡಲು ಸ್ಕೂಟರ್ ಬಿಟ್ಟು ನಡೆದೇ ಹೋಗುತ್ತೇನೆ. ತಟ್ಟೆಯಲ್ಲಿ ಅರ್ಧ ಬರೀ ತರಕಾರಿ, ಟೀಗೆ ಸಕ್ಕರೆಯಿಲ್ಲ. ಮೊದಮೊದಲು ಗಿರಾಕಿಗಳ ಮೇಲೂ ಸಿಡುಕುತ್ತಿದ್ದೆ, ಪಾಪ, ಅವರೇನು ಮಾಡಿಯಾರು. ಈಗ ಬೆಲ್ಟು ಒಂದು ತೂತು ಒಳಕ್ಕೆ ಬಂದಿದೆ. ಮೊನ್ನೆ ಸ್ಕ್ಯಾನ್ ಮಾಡಿದಾಗ ಕೊಬ್ಬು ಇಳಿದಿದೆ ಎಂದರು.

ಮಕ್ಕಳಿಗೆಲ್ಲ ಮಾವ ಕೇಳಿದನೆಂದು ಹೇಳು. ಬಂದು ನನ್ನ ಬಾಯಿ ಮೂಸಿ ನೋಡುವುದಾದರೂ ಸರಿ, ಬಾ. ವೆನಿಲಾ ವಾಸನೆಯೂ ಈಗ ಸಿಗುವುದಿಲ್ಲ.

ನಿನ್ನ ಆಶೀರ್ವಾದಕ್ಕೆ ಕಾದಿರುವ,
ಸ್ವಲ್ಪ ಕರಗಿದ
ಗುಂಡ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ನೆನಪಾಯಿತು. ಸಕ್ಕರೆ ಕಾಯಿಲೆ ಇದ್ದವರಿಗೆ ಈ ಕೊಬ್ಬು ಬೇಗ ಸೇರಿಕೊಳ್ಳುತ್ತದಂತೆ. ನೀನು ಬಲ ಪಕ್ಕೆಯ ಕೆಳಗೆ ಭಾರ ಭಾರ ಎನ್ನುತ್ತಿದ್ದೆಯಲ್ಲ, ಬೇಗ ಹೋಗಿ ತೋರಿಸಿಕೋ. ಚೀಟಿಯಲ್ಲಿ ಲಿವರ್ ಎಂದು ಬರೆದರೂ ಹೆದರಬೇಡ. ನೀನು ಕುಡಿಯುವವಳಲ್ಲ ಎಂದು ನಾನು ನಂಬುತ್ತೇನೆ.