ನನ್ನ ಪೌರತ್ವದ ವಿಚಾರಣೆ

ಸದಲಗಾ, ಮಾರ್ಚ್ ೧೯೯೧

ಮಮ್ಮಿ,

ನಿನಗೆ ಓದಲು ಬಾರದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ಪೋಸ್ಟ್ ಮಾಡಬೇಕಾಗುತ್ತದೆ.

ಇವತ್ತು ನನ್ನ ಪೌರತ್ವದ ಅರ್ಜಿಯ ವಿಚಾರಣೆಗೆ ಪೊಲೀಸ್ ಹವಾಲ್ದಾರರು ಮನೆಗೆ ಬಂದಿದ್ದರು. ಕಾಲೇಜಿಗೆ ರಜೆ ಹಾಕಿ ಹಾಸ್ಟೆಲ್‌ನಿಂದ ಬಂದಿದ್ದೆ. ಅರ್ಜಿ ಬಿದ್ದುಹೋದರೆ ಜೂನ್‌ನಲ್ಲಿ ಇಲ್ಲಿ ವಾಸಿಸುವ ಪರ್ಮಿಟ್ ಮುಗಿದು ನಾನು ದೇಶ ಬಿಡಬೇಕು. ವಕೀಲ ಮುರಗೆಪ್ಪನವರು ಮೊದಲೇ ಎಚ್ಚರಿಸಿದ್ದರು: "ಕೇಳಿದಷ್ಟಕ್ಕ ಉತ್ತರ ಕೊಡವಾ. ಹೆಚ್ಚಿಗಿ ಒಂದ್ ಮಾತೂ ಬ್ಯಾಡ."

ಹವಾಲ್ದಾರರು ಕೇಳಿದರು, "ಹುಡುಗಿ ತಾಯಿ ಎಲ್ಲಿರ್ತಾರ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪನ ತಾಯಿ, ನಮ್ಮ ಆಯಿ ಅಂದಳು, "ಆಕಿ ಸತ್ತು ಹನ್ನೆರಡ ವರ್ಷಾತು. ಸತ್ತಾಕಿ ಸುದ್ದಿ ಬಿಡ್ರಿ, ಚಹಾ ಆರತೈತಿ."

ನೀನು ನಮ್ಮನ್ನು ಬಿಟ್ಟು ಇಂಗ್ಲೆಂಡಿಗೆ ಹೋಗಿ ಹನ್ನೆರಡು ವರ್ಷ; ಅರ್ಜಿಯಲ್ಲಿ ನಿನ್ನ ಲೀಡ್ಸ್ ವಿಳಾಸವಿತ್ತು. ಹವಾಲ್ದಾರರು ಅದರ ಮೇಲೆ ಬೆರಳಿಟ್ಟು ಆಯಿಯನ್ನು ನೋಡಿದರು.

"ಸತ್ತಾರೋ, ಅದಾರೋ? ಒಂದ ಹೇಳ್ರಿ. ಸುಳ್ಳ ಮಾಹಿತಿ ಅಂತ ಬರದ್ರ ಫೈಲ್ ಇಲ್ಲೇ ಮುಗೀತು."

ಆಯಿಗೆ ನಾನು ಯಾವತ್ತೂ ಎದುರು ಮಾತಾಡಿದವಳಲ್ಲ.

"ಅದಾಳ್ರಿ," ಅಂದೆ. "ಮಮ್ಮಿ ಅದಾಳ."

ಆಯಿ ಎದ್ದು ಒಳಗೆ ಹೋದಳು. ಹವಾಲ್ದಾರರು ನನ್ನ ಕಡೆ ತಿರುಗಿದರು.

"ಆಕಿ ಪತ್ರ ಬರ್ತಾವೇನವಾ?"

"ಬರ್ತಾವ್ರಿ. ಪ್ರತಿ ವರ್ಷಾ, ನನ್ನ ಬರ್ತ್‌ಡೇಕ್ಕ."

"ನೀ ಉತ್ತರ ಬರೀತಿಯಿಲ್ಲೋ?"

ಪಕ್ಕದಲ್ಲಿ ಕೂತಿದ್ದ ವಕೀಲರ ಮುಖ ನೋಡಿದೆ. ಅಷ್ಟರಲ್ಲಿ ವಕೀಲರು ನಕ್ಕು, "ಆ ಪ್ರಶ್ನೆ ಫಾರ್ಮಿನಾಗ ಇಲ್ರೀ ಹವಾಲ್ದಾರ್ರ, ನೀವ್ಯಾಕ ಸೇರಸ್ತೀರಿ?" ಅಂದರು. ಹವಾಲ್ದಾರರೂ ನಕ್ಕು, ಎಲ್ಲ ಸರಿಯಾಗಿದೆ ಎಂದು ಬರೆದು ಸಹಿ ಮಾಡಿದರು.

ಇನ್ನು ಅರ್ಜಿ ಬೆಳಗಾವಿಗೆ, ಅಲ್ಲಿಂದ ದಿಲ್ಲಿಗೆ ಹೋಗುತ್ತದೆ. ನಾನು ನಿನಗೆ ಉತ್ತರ ಬರೆಯುತ್ತೇನೋ ಇಲ್ಲವೋ ಎಂದು ಅಲ್ಲಿಯೂ ಯಾರೂ ಕೇಳುವುದಿಲ್ಲವಂತೆ.