ಮೂರನೆಯ ಕೀಲಿ

ಅಂಗಡಿ ಮೇಲಿನ ಮನೆಯಿಂದ,
ಸೋಮವಾರ, ಜೂನ್ ೯, ಪಾತ್ರೆ ತೊಳೆದಿಟ್ಟ ಮೇಲೆ.

ಏನೂಂದ್ರೆ,

ಸೊಂಟ ಹೇಗಿದೆ? ಪಟ್ಟಿ ಬಿಚ್ಚಿದರೋ, ಇನ್ನೂ ಕಟ್ಟಿಕೊಂಡೇ ಮಲಗುತ್ತಿದ್ದೀರೋ? ಬೆನ್ನಿಗೆ ಕತ್ತರಿ ಹಾಕಿಸಿಕೊಂಡವರು ಮೆಟ್ಟಿಲು ಹತ್ತಬಾರದಂತೆ, ಬಗ್ಗಬಾರದಂತೆ, ಜೋರಾಗಿ ಸೀನಬಾರದಂತೆ. ನೀವು ಸೀನಿದರೆ ಪಕ್ಕದ ಬೀದಿಯ ನಾಯಿ ಎದ್ದು ಬೊಗಳುತ್ತದೆ, ಅದೇ ನನಗೆ ಚಿಂತೆ. ಅಕ್ಕನ ಮನೆಯ ಬಚ್ಚಲಲ್ಲಿ ನೆಲ ಜಾರುತ್ತದೆ, ಗೋಡೆ ಹಿಡಿದುಕೊಂಡೇ ಹೋಗಿ. ಔಷಧಿಯನ್ನು ಊಟದ ಮೊದಲಿನದು ಮೊದಲು, ನಂತರದ್ದು ನಂತರ ತೆಗೆದುಕೊಳ್ಳಿ, ಎರಡನ್ನೂ ಒಟ್ಟಿಗೆ ನುಂಗಿ ಕೆಲಸ ಮುಗಿಸಬೇಡಿ. ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ. ಇಲ್ಲಿ ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ನಿದ್ದೆ ಮಾತ್ರ ಇಲ್ಲ. ಒಲೆ ಆರಿಸಿದೆನೋ ಇಲ್ಲವೋ ಎಂದು ಎದ್ದು ನೋಡುವುದು, ನೋಡಿ ಬಂದು ಮಲಗಿದ ಮೇಲೆ ನೋಡಿದ್ದು ನಿಜವೋ ಕನಸೋ ಎಂದು ಮತ್ತೆ ಏಳುವುದು. ತಪ್ಪು ಅಕ್ಷರ ಇದ್ದರೆ ನಗಬೇಡಿ. ಅಪ್ಪ ಊರೂರು ತಿರುಗುತ್ತಿದ್ದುದರಿಂದ ಏಳನೇ ತರಗತಿಯನ್ನು ಎರಡು ಊರಿನಲ್ಲಿ ಅರ್ಧರ್ಧ ಓದಿದವಳು ನಾನು. ಎರಡು ಅರ್ಧ ಸೇರಿಸಿದರೂ ಒಂದು ಆಗಲಿಲ್ಲ.

ನಿಮ್ಮ ಕಾಗದ ಬಂತು. ನಿಮ್ಮ ತಂಗಿಗೆ ನಾಲ್ಕು ಪುಟ, ನನಗೆ ಕೊನೆಯ ಪುಟದ ಅಂಚಿನಲ್ಲಿ ಎರಡು ಸಾಲು. ಅದನ್ನು ಓದಬೇಕಾದರೂ ಅವಳು ನಾಲ್ಕೂ ಪುಟ ಓದಿ ಮುಗಿಸಿ, ಕಾಗದ ಅಡ್ಡ ತಿರುಗಿಸಿ, "ಅತ್ತಿಗೆ, ಇಲ್ಲಿ ನಿಮಗೂ ಏನೋ ಇದೆ" ಎಂದು ಬೆರಳಿಟ್ಟು ತೋರಿಸಬೇಕು. "ಹುಷಾರಾಗಿರು. ನನ್ನ ಹಳೇ ಕೋಟಿನ ಜೇಬು ಹರಿದಿದೆ, ನೋಡಿ ಹೊಲಿದಿಡು." ಇಷ್ಟೇ. ಅವಳಿಗೆ ಬರೆದದ್ದೆಲ್ಲ ಬಂದೂಕಿನ ಮಾತೇ, ನನಗೇಕೆ ಹೊಟ್ಟೆಯುರಿ ಎಂದು ನೀವು ಕೇಳಬಹುದು. ಸ್ಟಾಕ್ ರಿಜಿಸ್ಟರಿನಲ್ಲಿ ಆ ದಿನದ ಲೆಕ್ಕ ಆ ದಿನವೇ ಬರೆ, ತೋಟಾಗಳ ಪೆಟ್ಟಿಗೆಯನ್ನು ಬಂದೂಕಿನ ಕೋಣೆಯಲ್ಲಿ ಇಡಬೇಡ, ಕ್ಯಾಮೆರಾದ ಗಾಜು ಒರೆಸು. ಗಾಜು ಒರೆಸುವುದನ್ನಾದರೂ ನನಗೆ ಹೇಳಬಹುದಿತ್ತಲ್ಲ. ಹತ್ತೊಂಬತ್ತು ವರ್ಷದಿಂದ ಈ ಮನೆಯಲ್ಲಿ ನಾನು ಒರೆಸದಿರುವ ಗಾಜು ಅದೊಂದೇ.

ಬಂದೂಕಿನ ಅಂಗಡಿಯ ಯಜಮಾನ ಒಂದು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಜವಾಬ್ದಾರಿಗೆ ಒಬ್ಬರ ಹೆಸರು ಬರೆದುಕೊಡಬೇಕು, ಪೊಲೀಸರು ವಿಚಾರಿಸಿ ಒಪ್ಪಬೇಕು, ಅವರನ್ನು ಬಿಟ್ಟು ಬೇರೆ ಯಾರೂ ಭದ್ರಕೋಣೆಯ ಕೀಲಿ ಮುಟ್ಟಬಾರದು. ನಿಯಮ ಅದೇ, ಸರಿ. ಆದರೆ ಆ ಹೆಸರು ಬರೆಯುವಾಗ ನಿಮ್ಮ ಪೆನ್ನು ನನ್ನ ಕಡೆ ಒಂದು ಸಲವೂ ತಿರುಗಲಿಲ್ಲವೇ ಎಂಬುದೇ ನನ್ನ ಸಂಕಟ. ಅವಳು ಡಿಗ್ರಿ ಮಾಡಿದವಳು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿ ನಿಯಮ ಕಲಿತವಳು, ಎಲ್ಲ ಗೊತ್ತು. ಈಗ ನಿಮ್ಮ ಕುರ್ಚಿಯಲ್ಲಿ ಕೂರುತ್ತಾಳೆ. ಅದರ ಎಡಗಾಲು ಅಲುಗುತ್ತದೆ ಎಂದು ನೀವು ಮಡಿಸಿಟ್ಟಿದ್ದ ರಟ್ಟನ್ನು ಕಿತ್ತು ಬಡಗಿಯಿಂದ ಸರಿಮಾಡಿಸಿದ್ದಾಳೆ. ಆ ರಟ್ಟನ್ನು ನಾನು ಎತ್ತಿಟ್ಟುಕೊಂಡಿದ್ದೇನೆ.

ಕುರ್ಚಿ ಹಾಳಾಗಿ ಹೋಗಲಿ. ನೆಲಕ್ಕೆ ಗೆರೆ ಎಳೆದಿದ್ದಾಳೆ, ಹಳದಿ ಬಣ್ಣದ್ದು. ಮೆಟ್ಟಿಲು ಇಳಿದರೆ ಎರಡು ಹೆಜ್ಜೆ, ಅಲ್ಲಿಂದಾಚೆ ಲೈಸೆನ್ಸಿನ ಜಾಗವಂತೆ. ಪಟ್ಟಿಯಲ್ಲಿ ಹೆಸರಿಲ್ಲದವರು ಅಲ್ಲಿ ಒಬ್ಬರೇ ಇರಬಾರದಂತೆ. ನನ್ನ ಹೊಲಿಗೆ ಮಷಿನ್ ಎಲ್ಲಿದೆ? ಆ ಗೆರೆಯಾಚೆ, ರಿಪೇರಿ ಮೇಜಿನ ಪಕ್ಕ. ಬೆಳಕು ಚೆನ್ನಾಗಿದೆ ಎಂದು ನೀವೇ ಅಲ್ಲಿ ಹಾಕಿಸಿಕೊಟ್ಟಿದ್ದು. ಈಗ ನನ್ನ ಮಷಿನ್ ಹತ್ತಿರ ಹೋಗಬೇಕಾದರೆ ಗೆರೆಯ ಈಚೆ ನಿಂತು "ಬರಲಾ?" ಎಂದು ಕೇಳಬೇಕು, ಅವಳು ಬಂದು ನಾನು ಹೊಲಿದು ಮುಗಿಸುವವರೆಗೆ ಕೈಕಟ್ಟಿ ನಿಲ್ಲಬೇಕು. ಮೊನ್ನೆ ಮರೆತು ಕಾಲು ಇಟ್ಟೆ. "ಅತ್ತಿಗೆ, ಗೆರೆ" ಎಂದಳು, ತಲೆ ಎತ್ತದೆ. ಬಟ್ಟೆ ಒಗೆಯುವವಳು ಅಲ್ಲೇ ಇದ್ದಳು. "ಏನಕ್ಕಾ, ನಿಮ್ಮನೇಲಿ ನಿಮಗೇ ಗಡಿನಾ?" ಎಂದು ಬಾಯಿಗೆ ಸೆರಗು ಒತ್ತಿ ನಕ್ಕಳು. ನಾನೂ ನಕ್ಕೆ. ಮೇಲೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಗಲಿಲ್ಲ.

ಊರಿನವರ ಹೊಗಳಿಕೆ ಬೇರೆ. ಕೋಳಿ ಫಾರಂ ದಪ್ಪನೆಯವರು ಬಂದಿದ್ದರು, ಹೊಸ ಬಂದೂಕಿನ ದುಡ್ಡು ಕಟ್ಟಿದವರು, ಇವತ್ತೇ ಕೊಡಿ ಎಂದು ಹಟ. ಪೊಲೀಸ್ ಒಪ್ಪಿಗೆ ಬರುವವರೆಗೆ ಕೊಡುವ ಹಾಗಿಲ್ಲ ಎಂದಳು ನಿಮ್ಮ ತಂಗಿ. "ನಿಮ್ಮಣ್ಣ ಇದ್ದಿದ್ರೆ ಇಷ್ಟು ಹೊತ್ತಿಗೆ ನನ್ನ ಗಾಡೀಲಿ ಇರ್ತಿತ್ತು" ಎಂದರು. "ಅಣ್ಣ ಇದ್ದಿದ್ರೂ ಇದೇ. ನರಿ ಎಲ್ಲೂ ಹೋಗಲ್ಲ, ಕಾಯುತ್ತೆ" ಎಂದಳು. ಅವರು ಕೋಪ ಮಾಡಿಕೊಳ್ಳುತ್ತಾರೆ ಎಂದು ನಾನು ಮೆಟ್ಟಿಲ ಮೇಲೆ ಉಸಿರು ಹಿಡಿದು ನಿಂತಿದ್ದರೆ, ಅವರು ಗಹಗಹಿಸಿ ನಕ್ಕು ನನ್ನ ಕಡೆ ನೋಡಿ "ಗಟ್ಟಿಗಿತ್ತಿ ಕಣಮ್ಮ ನಿಮ್ಮ ನಾದಿನಿ!" ಎಂದುಬಿಟ್ಟರು. ಹೌದು ಎಂದೆ. ಇನ್ನೇನು ಅನ್ನಲಿ.

ಇದೆಲ್ಲ ಸಹಿಸಿದ್ದೇನೆ. ಆ ಕೀಲಿ ಮಾತ್ರ ಸಹಿಸಲಾರದ್ದು. ನೀವಿದ್ದಾಗ ರಾತ್ರಿ ಬೆಲ್ಟಿನಿಂದ ಬಿಚ್ಚಿ ದಿಂಬಿನ ಕೆಳಗೆ ಇಡುತ್ತಿದ್ದಿರಿ, ನನ್ನ ಪಕ್ಕಕ್ಕೆ. ನೀವು ಹೊರಳಿದರೆ ಅದು ಮಂಚದ ಪಟ್ಟಿಗೆ ತಗುಲಿ ಕಿಣಿ ಎನ್ನುತ್ತಿತ್ತು. ಆ ಸದ್ದು ಕೇಳಿದರೆ ಎಲ್ಲ ಸರಿಯಾಗಿದೆ ಎಂದು ನನಗೆ ನಿದ್ದೆ. ಈಗ ಅದೇ ಸದ್ದು ಗೋಡೆಯಾಚೆ ಅವಳ ಕೋಣೆಯಿಂದ ಬರುತ್ತದೆ. ಕೊರಳಿಗೆ ದಾರ ಕಟ್ಟಿ ಹಾಕಿಕೊಂಡಿದ್ದಾಳೆ. ಗಂಡನ ಸ್ವಂತ ತಂಗಿಯ ಮೇಲೆ ಹೊಟ್ಟೆಕಿಚ್ಚೇ ಎನ್ನಬೇಡಿ. ಕಿಚ್ಚಿಗೆ ನೆಂಟಸ್ತನ ಗೊತ್ತಾಗುವುದಿಲ್ಲ.

ಈಗ ಕೋಟಿನ ವಿಷಯ. ನೀವು ಬರೆದ ಹಾಗೆ ಜೇಬು ನೋಡಿದೆ. ಗೆರೆ ಇಲ್ಲದಿದ್ದರೆ ಕೆಳಗೆ ಮಷಿನ್ನಿನಲ್ಲೇ ಹೊಲಿಯುತ್ತಿದ್ದೆ, ಅವಳ ಕಣ್ಣೆದುರಿಗೇ. ಗೆರೆ ಇದ್ದುದರಿಂದ ಮೇಲೆ ಕಿಟಕಿಯ ಹತ್ತಿರ ಕೂತು ಕೈಯಲ್ಲಿ ಹೊಲಿಯಲು ತೆಗೆದೆ. ಜೇಬಿನ ತೂತಿನೊಳಗೆ ಬೆರಳು ಹಾಕಿದರೆ ಒಳಬಟ್ಟೆಯ ಕೆಳಗೆ, ಅಂಚಿನ ಮೂಲೆಯಲ್ಲಿ, ಗಟ್ಟಿಯಾಗಿ ಏನೋ. ಬಿಚ್ಚಿ ನೋಡಿದರೆ ಭದ್ರಕೋಣೆಯ ಕೀಲಿ! ಅವಳ ಕೊರಳಿನದು ಸವೆದು ನುಣುಪಾಗಿದೆ, ಇದರ ಹಲ್ಲು ಇನ್ನೂ ಚೂಪು. ಯಾವಾಗಲೋ ಮಾಡಿಸಿದ್ದು. ನನ್ನ ಎದೆ ಹೇಗೆ ಹೊಡೆದುಕೊಂಡಿತು ಎಂದರೆ, ಕೆಳಗೆ ಅವಳಿಗೆ ಕೇಳಿಸುತ್ತದೆ ಎಂದು ರೇಡಿಯೋ ಹಾಕಿದೆ. ಆಮೇಲೆ ನಿಮ್ಮ ಎರಡು ಸಾಲನ್ನು ಮತ್ತೆ ಓದಿದೆ. ನಾಲ್ಕು ಪುಟ ಅವಳಿಗೆ ಬರೆದದ್ದು ಕಣ್ಣಿಗೆ ಮಣ್ಣೆರಚಲು, ಅಸಲು ಮಾತು ಅಂಚಿನಲ್ಲಿ ನನಗೆ. "ನೋಡಿ ಹೊಲಿದಿಡು" ಎಂದು ಬರೆದದ್ದೇ ನಾನು ನೋಡಲಿ ಎಂದು. ಹೀಗೆ ಅಂದುಕೊಂಡೆ. ಹೀಗೆ ಅಂದುಕೊಂಡು ದಾರಕ್ಕೆ ಪೋಣಿಸಿ ರವಿಕೆಯೊಳಗೆ ಹಾಕಿಕೊಂಡೆ. ಬಾಗಿಲಿಗೆ ಹಚ್ಚಲಿಲ್ಲ, ಗೆರೆ ದಾಟಲಿಲ್ಲ, ದೇವರಾಣೆ. ಬರೀ ಹಾಕಿಕೊಂಡಿದ್ದೆ. ಅವಳು "ಅತ್ತಿಗೆ, ಗೆರೆ" ಎಂದಾಗಲೆಲ್ಲ ಒಳಗೊಳಗೇ ಒಂದು ತಣ್ಣನೆಯ ನಗು. ಆ ವಾರವಿಡೀ ಮಂಚದ ಮೇಲೆ ಹೊರಳಿ ಹೊರಳಿ ಕಿಣಿ ಅನ್ನಿಸಿಕೊಂಡು ಮಲಗಿದೆ.

ಶುಕ್ರವಾರ ಮಧ್ಯಾಹ್ನ ತಪಾಸಣೆಯ ಸಾಹೇಬರು ಬಂದರು, ಮುಂಚೆ ಹೇಳದೆ. ಯಾವಾಗ ಬೇಕಾದರೂ ಬರುವ ಅಧಿಕಾರ ಇದೆಯಲ್ಲ ಅವರಿಗೆ. ಬಡಕಲು ಮನುಷ್ಯ, ಕೊಡೆಯನ್ನು ಶಟರಿನ ಹಿಡಿಗೆ ನೇತುಹಾಕಿ ಒಳಗೆ ಬಂದರು. ಕುಡಿಯಲು ನೀರು ಬೇಕೆಂದು ನಿಮ್ಮ ತಂಗಿ ಕೂಗಿದ್ದರಿಂದ ನಾನು ಗಾಜಿನ ಲೋಟ ಹಿಡಿದು ಇಳಿದು ಗೆರೆಯ ಮೇಲೆ ನಿಂತೆ. ಒಂದೊಂದೇ ಬಂದೂಕು ತೆಗೆದು ಅವಳು ನಂಬರ್ ಓದುವುದು, ಅವರು ರಿಜಿಸ್ಟರಿನಲ್ಲಿ ಗುರುತು ಹಾಕುವುದು. ಒಂದೂ ತಪ್ಪಿಲ್ಲ. ಕ್ಯಾಮೆರಾ ನೋಡಿದರು, ಕಳ್ಳರು ಬಂದರೆ ಹೊಡೆದುಕೊಳ್ಳುವ ಗಂಟೆ ಬಾರಿಸಿ ನೋಡಿದರು, ಎಲ್ಲ ಸರಿ. "ಬಹಳ ಅಚ್ಚುಕಟ್ಟು" ಎಂದರು. ಕೊನೆಗೆ ಕೀಲಿ ಎಷ್ಟು ಎಂದು ಕೇಳಿದರು. "ಎರಡೇ ಸಾರ್. ಒಂದು ನನ್ನ ಹತ್ರ, ಇನ್ನೊಂದು ಮೊಹರು ಮಾಡಿ ಬ್ಯಾಂಕ್ ಲಾಕರಲ್ಲಿದೆ" ಎಂದು ಅವಳು ಪಟಪಟನೆ ಹೇಳಿದಳು. ಸಾಹೇಬರು ನನ್ನ ಕಡೆ ನೋಡಿ "ಇವರು?" ಎಂದರು. ಆಗ ನಿಮ್ಮ ತಂಗಿ ಏನಂದಳು ಗೊತ್ತೇ? "ನಮ್ಮತ್ತಿಗೆ ಸಾರ್. ಅವರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ನನ್ನನ್ನು ಯಾರೂ ಕಳ್ಳಿ ಎನ್ನಲಿಲ್ಲ, ಸಂಬಂಧ ಇಲ್ಲದವಳು ಎಂದರು, ಅಷ್ಟಕ್ಕೇ ಕೈ ಕೊರಳಿಗೆ ಹೋಯಿತು. ದಾರ ಹೊರಗೆ ಬಂತು. "ಸಂಬಂಧ ಇಲ್ಲದೆ ಏನು? ನನ್ನ ಹತ್ತಿರವೂ ಒಂದಿದೆ" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನದು ಎರಡೂ ಹೋಯಿತು, ಲೋಟವೂ ಬಿತ್ತು. ಸಾಹೇಬರು ಕೀಲಿ ಇಸಿದುಕೊಂಡು ಬಾಗಿಲಿಗೆ ಹಾಕಿ ತಿರುಗಿಸಿದರು. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ತಿರುಗಿತು. ಎಲ್ಲಿಂದ ಬಂತಮ್ಮ ಎಂದರು, ನಮ್ಮವರ ಕೋಟಿನಲ್ಲಿತ್ತು ಎಂದೆ, ಬರೆದುಕೊಂಡು ಸಹಿ ಹಾಕಿಸಿದರು. ಕೆಟ್ಟವರಲ್ಲ. "ನೀವಾಗಿ ತೋರಿಸಿದ್ದು ಒಳ್ಳೇದಾಯ್ತು" ಎಂದರು. ಆದರೂ ಭದ್ರಕೋಣೆಗೆ ಅರಗಿನ ಮೊಹರು, ವ್ಯಾಪಾರ ಬಂದ್, ಬೀಗ ಹೊಸದು ಹಾಕಿಸಬೇಕು, ಹದಿನೈದು ದಿನದೊಳಗೆ ಲೈಸೆನ್ಸಿನ ಯಜಮಾನ ತನ್ನ ಕೈಯಾರೆ ಕಾರಣ ಬರೆದು ಕಳಿಸಬೇಕು. ಇಲ್ಲದಿದ್ದರೆ ಲೈಸೆನ್ಸೇ ಇಲ್ಲ. ನಿಮ್ಮಪ್ಪ ಕಟ್ಟಿದ ಅಂಗಡಿ.

ಸಾಹೇಬರು ಕೊಡೆ ಎತ್ತಿಕೊಂಡು ಹೋದ ಮೇಲೆ ನಿಮ್ಮ ತಂಗಿ ಬೈಯುತ್ತಾಳೆ ಎಂದು ಮೆಟ್ಟಿಲ ಮೇಲೆ ಕೂತು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ನಿಮ್ಮ ಕುರ್ಚಿಯಲ್ಲಿ ಕೂರಲಿಲ್ಲ, ಗೆರೆಯ ಈಚೆ, ನನ್ನ ಕೆಳಗಿನ ಮೆಟ್ಟಿಲ ಮೇಲೆ ಕೂತಳು. "ಅತ್ತಿಗೆ, ಅಣ್ಣ ನಿಮಗೆ ಕೊಟ್ಟು ಹೋಗಿದ್ನಾ? ನನಗೆ ಒಂದ್ ಮಾತೂ ಹೇಳ್ದೆ?" ಎಂದಳು. ತಲೆ ಎತ್ತಿ ನೋಡಿದಳು. ಆ ಕಣ್ಣು ನನಗೆ ಗೊತ್ತು ಕಣ್ರೀ. ನೀವು ಹೋದಾಗಿನಿಂದ ಕನ್ನಡಿಯಲ್ಲಿ ದಿನಾ ನೋಡುತ್ತಿರುವುದು ಅದನ್ನೇ. ಹೌದು ಅನ್ನಬೇಕು ಎಂದು ನಾಲಿಗೆ ತುದಿಯವರೆಗೆ ಬಂತು. ನನಗೇ ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ? ಸೆರಗಿನಿಂದ ನೀರು ಒರೆಸಿ, ಒಡೆದ ಗಾಜು ಆರಿಸಿದೆ. ಚೂರು ಗೆರೆಯಾಚೆಯೂ ಬಿದ್ದಿತ್ತು. ಅದನ್ನು ಅವಳು ಆರಿಸಿದಳು.

ಅವತ್ತಿನಿಂದ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರುತ್ತೇವೆ, ತಟ್ಟೆ ನೋಡಿಕೊಂಡೇ ಉಂಡು ಏಳುತ್ತೇವೆ. ಅವಳ ಕೊರಳಿನ ಕೀಲಿಯನ್ನೂ ಸಾಹೇಬರು ತೆಗೆದುಕೊಂಡು ಹೋದರು. ಗೋಡೆಯಾಚೆ ಈಗ ಸದ್ದಿಲ್ಲ, ಈಚೆಯೂ ಇಲ್ಲ.

ನೋಟಿಸಿನ ಕಾಗದವನ್ನು ಅವಳು ಬೇರೆ ಲಕೋಟೆಯಲ್ಲಿ ಕಳಿಸುತ್ತಿದ್ದಾಳೆ, ಏನೇನು ಹೇಗೆ ಬರೆಯಬೇಕೆಂದು ವಿವರ ಹಾಕಿ. ಅಕ್ಕನಿಗೆ ನನ್ನ ನಮಸ್ಕಾರ ಹೇಳಿ, ಭಾವನವರು ಕೆಮ್ಮಿಗೆ ಬಿಸಿನೀರು ಕುಡಿಯುವುದನ್ನು ಬಿಡಬಾರದೆಂದು ಹೇಳಿ. ನೀವು ಬಗ್ಗಬೇಡಿ, ಭಾರ ಎತ್ತಬೇಡಿ. ನಾನು ಇಲ್ಲಿ ಎಲ್ಲ ಬಾಗಿಲನ್ನೂ ಎರಡೆರಡು ಸಲ ನೋಡಿಯೇ ಮಲಗುತ್ತೇನೆ.

ಗೆರೆಯ ಈಚೆಗಿರುವ,
ನಿಮ್ಮ ಮನೆಯವಳು

ತಾ.ಕ.: ಅವಳು ಮೆಟ್ಟಿಲು ಹತ್ತಿ ಬರುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಕೀಲಿಯನ್ನು ಕೋಟಿನಲ್ಲಿ ಮರೆತೆ ಎಂದು ಬರೆದರೆ ಎಚ್ಚರಿಕೆ ಕೊಟ್ಟು ಬಿಡುತ್ತಾರಂತೆ, ಹೆಂಡತಿಗೆ ಕೊಟ್ಟು ಬಂದೆ ಎಂದರೆ ಲೈಸೆನ್ಸ್ ಹೋಯಿತಂತೆ. ಹಾಗಾಗಿ ಸಾಹೇಬರಿಗೆ ಮರೆತೆ ಎಂದೇ ಬರೆಯಿರಿ. ಅವರಿಗೆ ಕೊಡುವ ಮೊದಲು ಆ ಕಾಗದ ಇಲ್ಲಿಗೇ ಬರುತ್ತದೆ, ಅವಳು ಓದುತ್ತಾಳೆ, ನಾನೂ ಓದುತ್ತೇನೆ. ಕೀಲಿಯನ್ನು ನನಗಾಗಿಯೇ ಬಿಟ್ಟು ಹೋಗಿದ್ದರೆ ನನಗೆ ಬೇರೆಯಾಗಿ ಒಂದು ಕಾಗದ ಹಾಕಿ, ಹೊರಗೆ ನನ್ನ ಹೆಸರು ಬರೆದು. ನಿಜವಾಗಿಯೂ ಮರೆತಿದ್ದರೆ ಬೇರೆ ಕಾಗದ ಬೇಡ, ಅವಳಿಗೆ ಬರೆಯುವ ಕಾಗದದ ಅಂಚಿನಲ್ಲಿ ಎರಡು ಸಾಲು ಸಾಕು, ಯಾವಾಗಿನ ಹಾಗೆ.